ಕಡಿಮೆ ರೇಡಿಯೇಷನ್‌ನ ಹಾರ್ಟ್ ಸ್ಟ್ರೆಸ್ ಸ್ಕ್ಯಾನ್: ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನೂರು ದಾವಣಗೆರೆ. ಕೆಲಸ ಬೆಂಗಳೂರಿನ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ. 11 ವರ್ಷದಿಂದ ಅಲ್ಲಿ ಟೆಕ್ನಾಲಜಿಸ್ಟ್ ಆಗಿದ್ದೇನೆ. ಹಬ್ಬಕ್ಕೆ ಊರಿಗೆ ಬಂದರೆ ಸಾಕು, ಬಟ್ಟೆ ಅಂಗಡಿಯ ಕವರಿನಲ್ಲಿ ರಿಪೋರ್ಟ್ ಇಟ್ಟುಕೊಂಡು ಯಾರಾದರೂ ಮನೆಗೆ ಬಂದೇ ಬರುತ್ತಾರೆ. "ನೋಡವಾ, ಇದ್ರಾಗೆ ಏನ್ ಬರ್ದಾರೆ?" ಅಂತ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಟೆಸ್ಟ್ ಮಾಡುವವಳು. ಯಾವ ಮಾತ್ರೆ ಬೇಕು, ಸ್ಟೆಂಟ್ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಹೃದಯದ ಡಾಕ್ಟರೇ ಹೇಳಬೇಕು.

ಈಗಲೇ ಎದೆ ಒತ್ತಿದ ಹಾಗೆ ಆಗ್ತಿದೆ. ಯಾವ ಸ್ಕ್ಯಾನ್ ಮಾಡಿಸಲಿ?

ಯಾವುದೂ ಬೇಡ. ಓದುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಸಿ. ಎದೆ ಒತ್ತಡ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಇದ್ದರೆ ಗ್ಯಾಸ್ ಅಂತ ಜೀರಿಗೆ ನೀರು ಕುಡಿದು ಕಾಯಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಕೆಳಗೆ ಬರೆದಿರುವುದೆಲ್ಲ ನಡೆದುಕೊಂಡು ಓಪಿಡಿಗೆ ಬರುವವರಿಗಾಗಿ.

ಎಕೋ ಆಯ್ತು, ಟಿಎಂಟಿ ಆಯ್ತು. ಮತ್ತೆ ಈ ಸ್ಕ್ಯಾನ್ ಯಾಕೆ?

ನಮ್ಮ ಕಡೆ ರೈತರಿಗೆ ಇದನ್ನು ಹೇಳುವುದು ನನಗೆ ಸುಲಭ. ಭದ್ರಾ ನಾಲೆಯಲ್ಲಿ ಹೂಳು ತುಂಬಿದ್ದರೂ ಮಳೆಗಾಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೇಸಿಗೆ ಬೆಳೆಗೆ ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗ ಅಚ್ಚುಕಟ್ಟಿನ ಕೊನೆ ಭಾಗ ಒಣಗುತ್ತದೆ. ಆಗ ನಾಲೆಯ ಕಥೆ ಹೊರಗೆ ಬರುತ್ತದೆ. ಹೃದಯದ ರಕ್ತನಾಳವೂ ಹಾಗೆಯೇ. ಅರ್ಧಕ್ಕಿಂತ ಜಾಸ್ತಿ ಕಿರಿದಾದರೂ ಕೂತಿದ್ದಾಗ ರಕ್ತ ಸಾಕಾಗುತ್ತದೆ. ಓಡಿದಾಗ, ಏರು ಹತ್ತಿದಾಗ ಮಾತ್ರ ಸಾಲುವುದಿಲ್ಲ.

ಎಕೋ ಹೃದಯ ಹೇಗೆ ಪಂಪ್ ಮಾಡುತ್ತಿದೆ, ವಾಲ್ವ್ ಹೇಗಿದೆ ಅಂತ ತೋರಿಸುತ್ತದೆ, ಅದೂ ನೀವು ಆರಾಮಾಗಿ ಮಲಗಿದ್ದಾಗ. ಟಿಎಂಟಿ ಓಡುವಾಗಿನ ಇಸಿಜಿ ತೋರಿಸುತ್ತದೆ. ಎಲ್ಲಿ ರಕ್ತ ಕಡಿಮೆಯಾಯಿತು, ಎಷ್ಟು ಜಾಗಕ್ಕೆ ಕಡಿಮೆಯಾಯಿತು ಅಂತ ಅದು ಹೇಳುವುದಿಲ್ಲ. ನಾವು ಮಾಡುವ ಸ್ಕ್ಯಾನ್ ಅದನ್ನು ಹೇಳುತ್ತದೆ.

ಮಾಡುವ ರೀತಿ ಹೀಗೆ. ನೀವು ಟ್ರೆಡ್‌ಮಿಲ್ ಮೇಲೆ ನಡೆಯುತ್ತೀರಿ. ಏದುಸಿರು ಬಂದು, ಹೃದಯದ ಬಡಿತ ಏರಿ, ಇನ್ನು ಸ್ವಲ್ಪ ಹೊತ್ತು ಮಾತ್ರ ಆಗುತ್ತದೆ ಅನ್ನುವ ಘಟ್ಟದಲ್ಲಿ ಕೈಯಲ್ಲಿರುವ ಸೂಜಿಯಿಂದ ಔಷಧ ಹಾಕುತ್ತೇವೆ. ಸೆಸ್ಟಾಮಿಬಿ ಅಥವಾ ಟೆಟ್ರೊಫೋಸ್ಮಿನ್ ಅಂತ ಅದರ ಹೆಸರು. ಅದಕ್ಕೆ ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣ ಧಾತು ಸೇರಿಸಿರುತ್ತೇವೆ. ಆ ಕ್ಷಣದಲ್ಲಿ ಎಲ್ಲಿಗೆ ರಕ್ತ ಚೆನ್ನಾಗಿ ಹೋಯಿತೋ ಅಲ್ಲಿ ಔಷಧವೂ ಹೋಗಿ ಕೂರುತ್ತದೆ. ಕೂತ ಮೇಲೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಫೋಟೋ ಆಮೇಲೆ ತೆಗೆದರೂ ಕಾಣುವುದು ಓಡುತ್ತಿದ್ದ ಕ್ಷಣದ ಹೃದಯ. 11 ವರ್ಷ ಆದರೂ ಇದು ನನಗೆ ಈಗಲೂ ಸೋಜಿಗ.

ಹಳಬರು ಇದನ್ನೇ "ಥ್ಯಾಲಿಯಂ ಟೆಸ್ಟ್" ಅನ್ನುತ್ತಾರೆ. ಮೊದಲು ಥ್ಯಾಲಿಯಂ-201 ಬಳಸುತ್ತಿದ್ದರು. ಈಗ ಬಹುತೇಕ ಕಡೆ ಟೆಕ್ನೀಷಿಯಂ ಬಂದಿದೆ, ಬಾಯಲ್ಲಿ ಹಳೆ ಹೆಸರೇ ಉಳಿದಿದೆ.

"ಲೋ ಡೋಸ್" ಅಂದರೆ ಎಷ್ಟು ಕಡಿಮೆ? ರೇಡಿಯೇಷನ್ ಅಂದ್ರೆ ಭಯ ಆಗುತ್ತೆ.

ಲೆಕ್ಕ ಕೊಡುತ್ತೇನೆ, ನೀವೇ ನೋಡಿ. ರೇಡಿಯೇಷನ್ ಅಳೆಯುವ ಅಳತೆ ಮಿಲಿಸೀವರ್ಟ್. ಯಾವ ಟೆಸ್ಟೂ ಮಾಡಿಸದೆ ಮನೆಯಲ್ಲೇ ಇದ್ದರೂ ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಮನುಷ್ಯನ ಮೇಲೆ ಬೀಳುತ್ತದೆ. ಇದು ಪ್ರಪಂಚದ ಸರಾಸರಿ. ಎದೆಯ ಎಕ್ಸ್‌ರೇ ಒಂದಕ್ಕೆ 0.1 ಅಥವಾ ಅದಕ್ಕಿಂತ ಕಡಿಮೆ. ಹಳೆಯ ಥ್ಯಾಲಿಯಂ ವಿಧಾನದಲ್ಲಿ 15ರಿಂದ 20 ಮಿಲಿಸೀವರ್ಟ್ ಆಗುತ್ತಿತ್ತು. ಟೆಕ್ನೀಷಿಯಂನಲ್ಲಿ ಆರಾಮಾಗಿದ್ದಾಗಿನ (ವಿಶ್ರಾಂತಿ) ಚಿತ್ರ, ಓಡಿದಾಗಿನ (ಸ್ಟ್ರೆಸ್) ಚಿತ್ರ ಎರಡನ್ನೂ ತೆಗೆದರೆ ಸುಮಾರು 10. ಹೊಸ ಕ್ಯಾಮೆರಾದಲ್ಲಿ, ಕಡಿಮೆ ಔಷಧ ಹಾಕಿ, ಸ್ಟ್ರೆಸ್ ಚಿತ್ರ ಒಂದನ್ನೇ ತೆಗೆದರೆ 1ರಿಂದ 3ಕ್ಕೆ ಮುಗಿಯುತ್ತದೆ.

ಇಷ್ಟು ಇಳಿದಿದ್ದಕ್ಕೆ ಎರಡು ಕಾರಣ. ಒಂದು ಕ್ಯಾಮೆರಾ. ಹಳೆಯದರಲ್ಲಿ ಹರಳಿಗೆ ಬಿದ್ದ ಗಾಮಾ ಕಿರಣ ಮೊದಲು ಬೆಳಕಾಗಿ, ಆಮೇಲೆ ವಿದ್ಯುತ್ ಆಗಬೇಕಿತ್ತು. ಆ ದಾರಿಯಲ್ಲಿ ಬಹಳಷ್ಟು ಕಳೆದುಹೋಗುತ್ತಿತ್ತು. ಕ್ಯಾಡ್ಮಿಯಂ, ಜಿಂಕ್, ಟೆಲ್ಯೂರೈಡ್ ಹರಳಿನ ಹೊಸ ಕ್ಯಾಮೆರಾದಲ್ಲಿ ಕಿರಣ ನೇರವಾಗಿ ವಿದ್ಯುತ್ ಸಂಕೇತ ಆಗುತ್ತದೆ. ನಾವು ಅದನ್ನು "ಸಿಝಡ್‌ಟಿ" ಅನ್ನುತ್ತೇವೆ. ಕಡಿಮೆ ಔಷಧದಲ್ಲೂ ಚಿತ್ರ ಸ್ಪಷ್ಟ. ಮೊದಲು 15-20 ನಿಮಿಷ ಕೈ ಎತ್ತಿಕೊಂಡು ಮಲಗಬೇಕಿತ್ತು, ಈಗ ಕೆಲವೇ ನಿಮಿಷ. ಭುಜ ನೋವಿನ ಹಿರಿಯರಿಗೆ ಇದೊಂದೇ ದೊಡ್ಡ ಉಪಕಾರ.

ಎರಡನೆಯದು ಯೋಚನೆಯಲ್ಲಿ ಆದ ಬದಲಾವಣೆ. ಮೊದಲು ವಿಶ್ರಾಂತಿಯದು, ಆಮೇಲೆ ಸ್ಟ್ರೆಸ್ ಅಂತ ಎಲ್ಲರಿಗೂ ಎರಡೂ ಮಾಡುತ್ತಿದ್ದರು. ಸ್ಟ್ರೆಸ್‌ನಲ್ಲೇ ಹೃದಯದ ಎಲ್ಲ ಭಾಗಕ್ಕೂ ರಕ್ತ ಸರಿಯಾಗಿ ಹೋಗಿದ್ದರೆ ವಿಶ್ರಾಂತಿಯಲ್ಲಿ ಹೋಗದೆ ಇರುತ್ತದೆಯೇ? ಹಾಗಾಗಿ ಈಗ ಮೊದಲು ಸ್ಟ್ರೆಸ್ ಚಿತ್ರ. ಅದು ಚೆನ್ನಾಗಿದ್ದರೆ ಮನೆಗೆ ಹೋಗಬಹುದು. ಅನುಮಾನ ಬಂದರೆ ಮಾತ್ರ ಎರಡನೆಯದು. ಇದರಿಂದ ಮೋಸ ಆಗುವುದಿಲ್ಲವೇ ಅಂತ ಅಮೆರಿಕದಲ್ಲಿ 16,854 ಜನರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ ನೋಡಿದರು. 2010ರಲ್ಲಿ ಫಲಿತಾಂಶ ಬಂತು. ಸ್ಟ್ರೆಸ್ ಚಿತ್ರ ಒಂದರಲ್ಲೇ ನಾರ್ಮಲ್ ಬಂದವರಿಗೂ, ಎರಡೂ ಮಾಡಿಸಿ ನಾರ್ಮಲ್ ಬಂದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ.

ಬುಕ್ ಮಾಡುವಾಗ "ಸ್ಟ್ರೆಸ್ ಫಸ್ಟ್ ಮಾಡ್ತೀರಾ? ಸಿಝಡ್‌ಟಿ ಕ್ಯಾಮೆರಾ ಇದೆಯಾ?" ಅಂತ ಧೈರ್ಯವಾಗಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಟೆಸ್ಟ್ ಆದ ಮೇಲೆ ಎತ್ತಿಕೊಳ್ಳಬಹುದಾ?

ಅವತ್ತೊಂದು ದಿನ ಕೂಸನ್ನು ಜಾಸ್ತಿ ಹೊತ್ತು ತೊಡೆ ಮೇಲೆ ಇಟ್ಟುಕೊಳ್ಳಬೇಡಿ, ಗರ್ಭಿಣಿಯರ ಪಕ್ಕ ಅಂಟಿಕೊಂಡು ಕೂರಬೇಡಿ. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧ ಆಗುತ್ತದೆ. ಒಂದು ದಿನ ಕಳೆದರೆ ಹದಿನಾರನೇ ಒಂದು ಭಾಗ. ಮೂತ್ರ, ಮಲದಲ್ಲೂ ಒಂದಷ್ಟು ಹೊರಗೆ ಹೋಗುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಗರ್ಭಿಣಿಯಾಗಿರಬಹುದು ಅನ್ನುವ ಚಿಕ್ಕ ಅನುಮಾನ ಇದ್ದರೂ, ಮಗುವಿಗೆ ಹಾಲು ಕುಡಿಸುತ್ತಿದ್ದರೂ ಮೊದಲೇ ಹೇಳಿ.

ಇದು ಮುಂದಿನ ಹತ್ತು ವರ್ಷದ ಭವಿಷ್ಯ ಹೇಳುತ್ತಂತೆ, ನಿಜವಾ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳಬೇಕು.

ಸ್ಕ್ಯಾನ್ ಜಾತಕ ಅಲ್ಲ. ನಿಮ್ಮಂಥವರು 100 ಜನ ಇದ್ದರೆ ಮುಂದೆ ಅವರಲ್ಲಿ ಎಷ್ಟು ಜನಕ್ಕೆ ಹಾರ್ಟ್ ಅಟ್ಯಾಕ್ ಅಥವಾ ಹೃದಯದ ಸಾವು ಬರಬಹುದು ಅನ್ನುವ ಲೆಕ್ಕ ಅದು. ನಾರ್ಮಲ್ ಸ್ಟ್ರೆಸ್ ಸ್ಕ್ಯಾನ್ ಬಂದವರಲ್ಲಿ ಇದು ವರ್ಷಕ್ಕೆ 100ಕ್ಕೆ ಒಬ್ಬರಿಗಿಂತ ಕಡಿಮೆ. ಬಹಳ ದೇಶಗಳಲ್ಲಿ, ಬಹಳ ವರ್ಷ ನೋಡಿ ಸಿಕ್ಕಿರುವ ಗಟ್ಟಿ ಸಂಖ್ಯೆ ಇದು. 1ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3ಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಅಪಾಯ ಅಂತ ಡಾಕ್ಟರುಗಳು ವಿಂಗಡಿಸುತ್ತಾರೆ. ರಕ್ತ ಸಾಲದ ಜಾಗ ದೊಡ್ಡದಾದಷ್ಟೂ, ಪಂಪ್ ಮಾಡುವ ಶಕ್ತಿ ಇಳಿದಷ್ಟೂ ಸಂಖ್ಯೆ ಮೇಲೆ ಹೋಗುತ್ತದೆ.

ಆದರೆ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಅಂದರೆ ಹತ್ತು ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಅಂತ ಗುಣಿಸುವ ಹಾಗಿಲ್ಲ. ಸ್ಕ್ಯಾನ್ ತೋರಿಸುವುದು ಇವತ್ತಿನ ನಾಳವನ್ನು. ನಾಳ ಇವತ್ತಿನ ಹಾಗೇ ಉಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ನಾರ್ಮಲ್ ಸ್ಕ್ಯಾನಿನ ಭರವಸೆ ಸುಮಾರು ಎರಡು ವರ್ಷ ಗಟ್ಟಿಯಾಗಿರುತ್ತದೆ, ಆಮೇಲೆ ಮಸುಕಾಗುತ್ತಾ ಹೋಗುತ್ತದೆ. ಶುಗರ್ ಇರುವವರಲ್ಲಿ, ಮೊದಲೇ ಅಟ್ಯಾಕ್ ಆಗಿರುವವರಲ್ಲಿ, ನಡೆಯಲಾಗದೆ ಇಂಜೆಕ್ಷನ್‌ನಲ್ಲೇ ಸ್ಟ್ರೆಸ್ ಕೊಡಬೇಕಾದವರಲ್ಲಿ ಬೇಗ ಮಸುಕಾಗುತ್ತದೆ. ಅವರಿಗೆ ನಾರ್ಮಲ್ ಬಂದರೂ ಅಪಾಯ ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ.

ಹತ್ತು ವರ್ಷದ ಲೆಕ್ಕ ಬೇಕಾದರೆ ಚಿತ್ರದ ಜೊತೆಗೆ ವಯಸ್ಸು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ-ಸಿಗರೇಟು, ಮನೆಯಲ್ಲಿ ಯಾರಿಗೆ ಎಷ್ಟನೇ ವಯಸ್ಸಿಗೆ ಬಂತು ಅನ್ನುವುದನ್ನೂ ಸೇರಿಸಬೇಕು. 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು. ಮೊದಲ ಅಟ್ಯಾಕ್‌ನ ಅಪಾಯದಲ್ಲಿ ಶೇಕಡಾ 90ರಷ್ಟನ್ನು ನಮಗೆಲ್ಲ ಗೊತ್ತಿರುವ ಒಂಬತ್ತು ಕಾರಣಗಳೇ ವಿವರಿಸುತ್ತವೆ ಅಂತ ಅದರಲ್ಲಿ ಗೊತ್ತಾಯಿತು. ತಂಬಾಕು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯಕ್ಕೆ ಸಂಬಂಧಪಟ್ಟದ್ದು. ನಮ್ಮ ಭಾರತದ ಕಡೆಯವರಿಗೆ ಮೊದಲ ಅಟ್ಯಾಕ್ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಅಂತಲೂ ಅದೇ ಅಧ್ಯಯನದಲ್ಲಿ ಕಂಡುಬಂತು.

ನಾರ್ಮಲ್ ಬಂತು. ಇನ್ನು ಮಾತ್ರೆ ನಿಲ್ಲಿಸಬಹುದಲ್ವಾ?

ದಯವಿಟ್ಟು ಬೇಡ. ಇದನ್ನು ನಮ್ಮ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನನ್ನ ಚಿಕ್ಕಪ್ಪ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುತ್ತಾರೆ. 54ನೇ ವಯಸ್ಸಿಗೆ ಏರು ಹತ್ತಿದರೆ ಎದೆ ಬಿಗಿ ಅಂದರು. ಬೆಂಗಳೂರಿಗೆ ಕರೆಸಿಕೊಂಡು ಸ್ಕ್ಯಾನ್ ಮಾಡಿಸಿದೆ. ಚಿತ್ರ ತುಂಬಾ ಚೆನ್ನಾಗಿ ಬಂತು. ಇಡೀ ಹೃದಯ ಕುದುರೆ ಲಾಳದ ಹಾಗೆ ಒಂದೇ ಸಮ ಹೊಳೆಯುತ್ತಿತ್ತು. ಖುಷಿಯಲ್ಲಿ "ಏನೂ ಇಲ್ಲ ಚಿಕ್ಕಪ್ಪ, ಆರಾಮಾಗಿರ್ರಿ" ಅಂದುಬಿಟ್ಟೆ. ಅವರು ಆ ಮಾತನ್ನು ಹಾಗೇ ತಗೊಂಡರು. ಏನೂ ಇಲ್ಲ ಅಂದ ಮೇಲೆ ಬಿಪಿ ಮಾತ್ರೆ ಯಾಕೆ ಅಂತ ಬಿಟ್ಟರು. ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟರು. ಬಿಟ್ಟಿದ್ದ ಬೀಡಿ ಮತ್ತೆ ಹಿಡಿದರು. ಎರಡೂವರೆ ವರ್ಷಕ್ಕೆ ಒಂದು ರಾತ್ರಿ ಬೆವರಿ ಎದ್ದು ಕೂತರು. ಚಿಕ್ಕಮ್ಮ ಪಕ್ಕದ ಮನೆಯವರ ಕಾರಿನಲ್ಲಿ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಕ್ಕೆ ಉಳಿದರು.

ಸ್ಕ್ಯಾನ್ ತಪ್ಪಾಗಿತ್ತಾ? ಇಲ್ಲ. ನಾನು ಆ ಚಿತ್ರವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ರಕ್ತ ಎಲ್ಲ ಕಡೆ ಸರಿಯಾಗಿಯೇ ಹೋಗಿದೆ. ಆದರೆ ಅಟ್ಯಾಕ್ ಬರಲು ನಾಳ ಮೊದಲೇ ಪೂರ್ತಿ ಕಿರಿದಾಗಿರಬೇಕು ಅಂತೇನಿಲ್ಲ. ಗೋಡೆಯಲ್ಲಿ ಕೂತ ಸಣ್ಣ ಕೊಬ್ಬಿನ ಪದರ ಇದ್ದಕ್ಕಿದ್ದಂತೆ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಅಂಥ ಸಣ್ಣ ಪದರ ರಕ್ತದ ಹರಿವಿಗೆ ಅಡ್ಡಿ ಮಾಡುವುದಿಲ್ಲ. ಆದ್ದರಿಂದ ನಮ್ಮ ಸ್ಕ್ಯಾನಿನಲ್ಲಿ ಕಾಣುವುದೂ ಇಲ್ಲ. ಅದನ್ನು ಒಡೆಯದ ಹಾಗೆ ಹಿಡಿದಿಡುವುದು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ತಂಬಾಕು ಬಿಡುವುದು. ಚಿಕ್ಕಪ್ಪ ಬಿಟ್ಟಿದ್ದು ಅವನ್ನೇ.

ಅವತ್ತಿನಿಂದ ನಾನು ಯಾರಿಗೂ "ಏನೂ ಇಲ್ಲ" ಅನ್ನುವುದಿಲ್ಲ. "ರಕ್ತ ಹರಿಯುವುದಕ್ಕೆ ಈಗ ಅಡ್ಡಿ ಇಲ್ಲ, ಮಾತ್ರೆ ಹಾಗೇ ಮುಂದುವರಿಸಿ" ಅನ್ನುತ್ತೇನೆ. ಕೊಬ್ಬು, ಸುಣ್ಣ ಕೂತಿದೆಯೇ ಅಂತ ನೋಡುವುದಕ್ಕೆ ಬೇರೆ ಟೆಸ್ಟ್ ಇದೆ. ಅದು ಸಿಟಿ ಕ್ಯಾಲ್ಷಿಯಂ ಸ್ಕೋರ್. ಸುಮಾರು 1 ಮಿಲಿಸೀವರ್ಟ್ ಸಾಕು, ಇಂಜೆಕ್ಷನ್ ಬೇಡ. ಎರಡನ್ನೂ ಒಟ್ಟಿಗೆ ನೋಡಿದರೆ ಮುಂದಿನ ವರ್ಷಗಳ ಅಂದಾಜು ಇನ್ನಷ್ಟು ಚೆನ್ನಾಗಿ ಸಿಗುತ್ತದೆ. ನಿಮಗೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ರಿಪೋರ್ಟಿನಲ್ಲಿ "ರಿವರ್ಸಿಬಲ್", "ಫಿಕ್ಸ್ಡ್" ಅಂತ ಬರೆದಿದೆ. ಏನರ್ಥ?

ರಿವರ್ಸಿಬಲ್ ಅಂದರೆ ಓಡಿದಾಗ ರಕ್ತ ಸಾಲಲಿಲ್ಲ, ವಿಶ್ರಾಂತಿಯಲ್ಲಿ ಸರಿಹೋಯಿತು. ಆ ಭಾಗ ಜೀವಂತ ಇದೆ, ಹಸಿದಿದೆ. ಫಿಕ್ಸ್ಡ್ ಅಂದರೆ ಎರಡು ಚಿತ್ರದಲ್ಲೂ ಖಾಲಿ, ಹೆಚ್ಚಾಗಿ ಹಳೆಯ ಅಟ್ಯಾಕ್‌ನ ಕಲೆ. ಹೃದಯವನ್ನು 17 ಭಾಗ ಮಾಡಿ ಒಂದೊಂದಕ್ಕೂ ಅಂಕ ಕೊಡುತ್ತಾರೆ. ಇಜೆಕ್ಷನ್ ಫ್ರ್ಯಾಕ್ಷನ್ ಅಂತ ಒಂದು ಶೇಕಡಾ ಸಂಖ್ಯೆ ಇರುತ್ತದೆ, ಅದು ಪಂಪ್‌ನ ಶಕ್ತಿ. 100 ಬರಲಿಲ್ಲ ಅಂತ ಗಾಬರಿ ಬೇಡ. ಯಾರಿಗೂ 100 ಬರುವುದಿಲ್ಲ, 55-60 ಇದ್ದರೂ ಚೆನ್ನಾಗಿಯೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ಮೂರೂ ದೊಡ್ಡ ನಾಳಗಳು ಒಂದೇ ಸಮ ಕಿರಿದಾಗಿದ್ದರೆ ಎಲ್ಲ ಕಡೆಯೂ ಸಮನಾಗಿ ಕಡಿಮೆ ರಕ್ತ ಹೋಗಿ ಚಿತ್ರ ಸಮನಾಗಿಯೇ ಕಾಣಬಹುದು. ಈ ಸ್ಕ್ಯಾನಿನ ದೊಡ್ಡ ಕುರುಡು ಜಾಗ ಇದು. ಹಾಗಾಗಿ ಓಡುವಾಗ ಬಿಪಿ ಬಿತ್ತಾ, ಇಸಿಜಿ ಬದಲಾಯಿತಾ, ಸ್ಟ್ರೆಸ್‌ನಲ್ಲಿ ಹೃದಯ ಹಿಗ್ಗಿದ ಹಾಗೆ ಕಂಡಿತಾ ಅಂತಲೂ ನೋಡುತ್ತಾರೆ.

ರಕ್ತ ಸಾಲುತ್ತಿಲ್ಲ ಅಂತ ಬಂತು. ತಕ್ಷಣ ಸ್ಟೆಂಟ್ ಹಾಕಿಸಬೇಕಾ?

ಎಲ್ಲರಿಗೂ ಅಲ್ಲ. ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 37 ದೇಶಗಳ 5,179 ರೋಗಿಗಳು, ನಮ್ಮ ದೇಶದವರೂ ಬಹಳ ಜನ ಇದ್ದರು. ಎಲ್ಲರಿಗೂ ಸ್ಟ್ರೆಸ್ ಟೆಸ್ಟಿನಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಕೊರತೆ ಕಂಡಿತ್ತು. ಅರ್ಧ ಜನಕ್ಕೆ ಆಂಜಿಯೋಗ್ರಾಂ ಮಾಡಿ ಬೇಕಾದವರಿಗೆ ಸ್ಟೆಂಟ್ ಅಥವಾ ಬೈಪಾಸ್. ಇನ್ನರ್ಧಕ್ಕೆ ಮೊದಲು ಒಳ್ಳೆಯ ಔಷಧ. ಮೂರು ವರ್ಷದ ಮೇಲೆ ನೋಡಿದರೆ ಸಾವು, ಅಟ್ಯಾಕ್ ಒಟ್ಟಾರೆ ಲೆಕ್ಕದಲ್ಲಿ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ಎದೆನೋವು ಜಾಸ್ತಿ ಇದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ಆರಾಮ ಸಿಕ್ಕಿತು.

ಈ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದವರು, ಪಂಪ್ ತುಂಬಾ ಇಳಿದವರು, ಈಗಷ್ಟೇ ಅಟ್ಯಾಕ್ ಆದವರು ಆ ಅಧ್ಯಯನದಲ್ಲಿ ಇರಲಿಲ್ಲ. ಅವರ ದಾರಿಯೇ ಬೇರೆ. ಉಳಿದವರು ಜಮೀನು ಒತ್ತೆ ಇಡುವ ಮೊದಲು ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಸರ್, ಮೊದಲು ಔಷಧದಲ್ಲೇ ನೋಡಬಹುದಾ?" ಬೇಡ ಅಂದರೆ ಯಾಕೆ ಬೇಡ ಅಂತ ಅವರೇ ವಿವರಿಸುತ್ತಾರೆ.

ನನಗೆ ಟ್ರೆಡ್‌ಮಿಲ್ ಮೇಲೆ ಓಡೋಕೆ ಆಗಲ್ಲ, ಮೊಣಕಾಲು ನೋವು.

ಅಡೆನೊಸಿನ್ ಅಥವಾ ರೆಗಾಡೆನೊಸನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಅದು ನಾಳಗಳನ್ನು ಅರಳಿಸುತ್ತದೆ. ಕಿರಿದಾದ ನಾಳ ಅರಳಲಾರದು, ಅಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದೆರಡು ನಿಮಿಷ ಮುಖ ಬಿಸಿ, ಎದೆ ಭಾರ, ತಲೆನೋವು ಆಗಬಹುದು, ಬೇಗ ಇಳಿಯುತ್ತದೆ. ಆಸ್ತಮಾ ಇದ್ದರೆ ಮರೆಯದೆ ಹೇಳಿ.

ಆದರೆ ನಡೆಯಲು ಸ್ವಲ್ಪವಾದರೂ ಆಗುವುದಾದರೆ ನಡೆಯಿರಿ. ನೀವು ಎಷ್ಟು ಹೊತ್ತು ನಡೆದಿರಿ ಅನ್ನುವುದೇ ಮುಂದಿನ ಆಯಸ್ಸಿನ ಬಗ್ಗೆ ಚಿತ್ರದಷ್ಟೇ ಹೇಳುತ್ತದೆ. ಬ್ರೂಸ್ ಅನ್ನುವ ವಿಧಾನದಲ್ಲಿ ಮೊದಲ 3 ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, ಶೇಕಡಾ 10 ಏರು. ಆಮೇಲೆ ಪ್ರತಿ 3 ನಿಮಿಷಕ್ಕೆ ವೇಗ, ಏರು ಎರಡೂ ಜಾಸ್ತಿ. 220ರಿಂದ ವಯಸ್ಸು ಕಳೆದು, ಅದರ ಶೇಕಡಾ 85ರಷ್ಟು ಬಡಿತ ಮುಟ್ಟಬೇಕು. 60 ವರ್ಷದವರಿಗೆ 136. ಸುಮ್ನೆ ಕೂತಾಗ ಮೈ ಬಳಸುವ ಶಕ್ತಿಯನ್ನು 1 ಮೆಟ್ ಅಂತಾರೆ. 9 ನಿಮಿಷ ಮುಗಿಸಿದರೆ ಸುಮಾರು 10 ಮೆಟ್. ಅಲ್ಲಿಗೆ ತಲುಪಿ ಇಸಿಜಿಯೂ ಸರಿ ಇದ್ದವರ ಅಪಾಯ ಬಹಳ ಕಡಿಮೆ. 2002ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ಗಂಡಸರನ್ನು ನೋಡಿದ ಅಧ್ಯಯನದ ಪ್ರಕಾರ, ಒಂದೊಂದು ಮೆಟ್ ಹೆಚ್ಚಿದಾಗಲೂ ಬದುಕುಳಿಯುವ ಸಾಧ್ಯತೆ ಶೇಕಡಾ 12ರಷ್ಟು ಉತ್ತಮ.

ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಬೀಳುವ ಭಯಕ್ಕೆ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅದಕ್ಕೇ ಭಾರ ಹಾಕುತ್ತಾರೆ. ಮಂಡಿಯಲ್ಲಿ ಮೂಟೆ ಹೊರುವ ಗಟ್ಟಿ ಆಳುಗಳೂ ಹಾಗೆ ಹಿಡಿಯುವುದನ್ನು ನೋಡಿದ್ದೇನೆ. ಗೆಣ್ಣು ಬೆಳ್ಳಗಾಗಿರುತ್ತದೆ. ಕಂಬಿಗೆ ಭಾರ ಬಿಟ್ಟರೆ ಹೃದಯಕ್ಕೆ ಕೆಲಸ ಆಗುವುದಿಲ್ಲ, ಲೆಕ್ಕ ಸುಳ್ಳಾಗುತ್ತದೆ. ಬೆರಳ ತುದಿ ತಾಗಿಸಿಕೊಂಡರೆ ಸಾಕು, ಪಕ್ಕದಲ್ಲೇ ನಾವು ಇರುತ್ತೇವೆ. ಪಂಚೆ, ಚಪ್ಪಲಿ ಬೇಡ. ಪ್ಯಾಂಟ್, ಕ್ಯಾನ್ವಾಸ್ ಶೂ ಹಾಕಿಕೊಂಡು ಬನ್ನಿ.

ಚಿತ್ರದುರ್ಗದವರಿಗೆ ಮನೆ ಬಾಗಿಲಲ್ಲೇ ಟ್ರೆಡ್‌ಮಿಲ್ ಇದೆ. ಕೋಟೆಯಲ್ಲಿ ಹೋದ ವರ್ಷ ನಿಲ್ಲದೆ ಹತ್ತಿದ ಏರಿನಲ್ಲಿ ಈ ವರ್ಷ ಎರಡು ಸಲ ನಿಲ್ಲಬೇಕಾಯಿತು ಅಂದರೆ ಅದನ್ನು ಡಾಕ್ಟರಿಗೆ ಹೇಳಿ. ನನ್ನ ಮಟ್ಟಿಗೆ ಯಾವ ರಿಪೋರ್ಟಿಗಿಂತಲೂ ಬೆಲೆಬಾಳುವ ಮಾಹಿತಿ ಅದು.

ಹಿಂದಿನ ದಿನ ಏನು ತಿನ್ನಬಾರದು?

ಕಾಫಿ, ಚಹಾ, ಕೋಲಾ, ಚಾಕೊಲೇಟ್ ಬೇಡ. ಕನಿಷ್ಠ 12 ಗಂಟೆ, ಹಲವು ಕಡೆ 24 ಗಂಟೆ ಅನ್ನುತ್ತಾರೆ. ಇದರಲ್ಲಿರುವ ಕೆಫೀನ್ ಅಡೆನೊಸಿನ್ ಕೆಲಸ ಮಾಡಲು ಬಿಡುವುದಿಲ್ಲ. ಸಾರಿಡಾನ್‌ನಂಥ ತಲೆನೋವಿನ ಮಾತ್ರೆಯಲ್ಲೂ ಕೆಫೀನ್ ಇದೆ. ಉಬ್ಬಸಕ್ಕೆ ತಗೊಳ್ಳುವ ಡೆರಿಫಿಲಿನ್ ಕೂಡ ಇದೇ ತೊಂದರೆ ಕೊಡುತ್ತದೆ. ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು, ನೀವೇ ನಿಲ್ಲಿಸಬೇಡಿ.

ಹೊಳಲ್ಕೆರೆ ಕಡೆಯ ಒಬ್ಬ ಅಜ್ಜನ ನೆನಪಾಗುತ್ತದೆ. ಬೆಳಗಿನ ಜಾವ ಬಸ್ಸು ಹತ್ತಿದ್ದರು. ಹಿರಿಯೂರಿನ ಹತ್ತಿರ ಬಸ್ ನಿಂತಾಗ ಚಳಿ ಅಂತ ಅರ್ಧ ಲೋಟ ಚಹಾ ಕುಡಿದರು. ನಮ್ಮಲ್ಲಿ ಸೂಜಿ ಹಾಕುವ ಮುನ್ನ ಕೇಳಿದಾಗ ನಿಜ ಹೇಳಿದರು. ಟೆಸ್ಟ್ ಮುಂದೂಡಬೇಕಾಯಿತು. ಸೀಸದ ಕವಚದ ಸಿರಿಂಜಿನಲ್ಲಿ ಅವರಿಗೆಂದು ತುಂಬಿಟ್ಟಿದ್ದ ಔಷಧ ಮಧ್ಯಾಹ್ನದ ಹೊತ್ತಿಗೆ ಅರ್ಧವಾಗಿತ್ತು. ಎತ್ತಿಟ್ಟು ನಾಳೆ ಬಳಸುವ ಔಷಧ ಅಲ್ಲ ಅದು. ಅಜ್ಜ ಮಗನ ಮುಖ ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡರು. ಕುಡಿಯಬೇಡಿ ಅಂತ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಕೈಗೆ ಕೊಟ್ಟಿದ್ದ ಚೀಟಿ ಇಂಗ್ಲಿಷಿನಲ್ಲಿತ್ತು. ಇಷ್ಟುದ್ದ ಬರೆಯುತ್ತಿರುವುದಕ್ಕೆ ಆ ಚೀಟಿಯೂ ಒಂದು ಕಾರಣ.

ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಸ್ಟ್ರೆಸ್ ಆದ ಮೇಲೆ ನಾವೇ ಹಾಲು, ನೀರು, ಏನಾದರೂ ತಿಂಡಿ ಕೊಡುತ್ತೇವೆ. ಪಿತ್ತಕೋಶ, ಕರುಳಿನಲ್ಲಿ ಸೇರಿದ ಔಷಧ ಹೃದಯದ ಕೆಳಭಾಗದ ಚಿತ್ರ ಕೆಡಿಸದ ಹಾಗೆ ಸರಿಯಲಿ ಅಂತ.

ಹೆಂಗಸರಿಗೆ ಇದು ಸರಿ ಬರುತ್ತಾ? ತಾಳಿ ತೆಗೆಯಬೇಕಾ?

ಸರಿ ಬರುತ್ತದೆ. ಸ್ತನದ ನೆರಳು ಹೃದಯದ ಮುಂಭಾಗದ ಮೇಲೆ ಬಿದ್ದು ಸುಳ್ಳು ಕೊರತೆ ಕಾಣಿಸಬಹುದು. ಗಂಡಸರಲ್ಲಿ ಎದೆ, ಹೊಟ್ಟೆ ನಡುವಿನ ಪರದೆಯ ನೆರಳು ಕೆಳಭಾಗಕ್ಕೆ ಬೀಳುತ್ತದೆ. ಅನುಮಾನ ಬಂದರೆ ಬೋರಲು ಮಲಗಿಸಿ ಮತ್ತೊಂದು ಚಿತ್ರ ತೆಗೆಯುತ್ತೇವೆ. ಲೋಹ ಹೃದಯದ ಮೇಲೆ ಇರಬಾರದು ಅಷ್ಟೇ. ತಾಳಿ ತೆಗೆಯಲು ಮನಸ್ಸಿಲ್ಲದವರಿಗೆ ನಾನು ಅದನ್ನು ಮೇಲೆ ಸರಿಸಿ ಭುಜದ ಹತ್ತಿರ ಟೇಪ್ ಹಾಕಿಕೊಡುತ್ತೇನೆ. ಕೇಳಿ, ಸಂಕೋಚ ಬೇಡ.

ಹೆಂಗಸರು ಎದೆನೋವು ಅನ್ನುವ ಬದಲು "ಸುಸ್ತು", "ಬೆನ್ನು ಹಿಡಿದಂಗೆ", "ಉಸಿರು ಸಾಲಲ್ಲ" ಅನ್ನುತ್ತಾರೆ. ಮನೆಯವರು ಅದನ್ನು ಕೆಲಸದ ಆಯಾಸ ಅಂತ ತಳ್ಳಿಹಾಕಬಾರದು.

ನನಗೆ ಏನೂ ತೊಂದರೆ ಇಲ್ಲ. ಒಂದು ಸಲ ಮಾಡಿಸಿಬಿಡಲಾ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46. ಆಮೇಲೆ ಎಷ್ಟೋ ದಿನ ನಮ್ಮ ಆಸ್ಪತ್ರೆಯ ಮುಂದೆ ಮೂವತ್ತು-ನಲವತ್ತರ ಹುಡುಗರ ಸಾಲು. ಆ ಭಯ ನನಗೂ ಇತ್ತು, ಅರ್ಥವಾಗುತ್ತದೆ. ಆದರೆ ಯಾವ ಲಕ್ಷಣವೂ ಇಲ್ಲದ, ಅಪಾಯದ ಕಾರಣಗಳೂ ಇಲ್ಲದವರಿಗೆ ಈ ಸ್ಕ್ಯಾನ್ ಬೇಡ. ಸುಳ್ಳು ಕೊರತೆ ಕಂಡು ಸುಮ್ನೆ ಆಂಜಿಯೋಗ್ರಾಂವರೆಗೂ ಹೋಗಬೇಕಾಗಬಹುದು. ಅಂಥವರು ಬಿಪಿ ನೋಡಿಸಿ, ಶುಗರ್, ಕೊಲೆಸ್ಟ್ರಾಲ್ ಮಾಡಿಸಿ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಿಗಾದರೂ ಅಟ್ಯಾಕ್ ಆಗಿದ್ದರೆ ಲೈಪೊಪ್ರೋಟೀನ್-ಎ ಅನ್ನುವ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಅದು ಜನ್ಮದಿಂದ ಬರುವ ಅಪಾಯ, ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು.

"ಲೋ ಡೋಸ್ ಡೊಬುಟಮಿನ್ ಎಕೋ" ಅಂತ ಬರೆದುಕೊಟ್ಟಿದ್ದಾರೆ. ಇದೇ ಟೆಸ್ಟಾ?

ಅಲ್ಲ. ಹೆಸರಿನಲ್ಲಿ ಲೋ ಡೋಸ್ ಇದೆ ಅಷ್ಟೇ. ಅಲ್ಲಿ ಕಡಿಮೆ ಇರುವುದು ರೇಡಿಯೇಷನ್ ಅಲ್ಲ, ಡೊಬುಟಮಿನ್ ಅನ್ನುವ ಔಷಧ. ಎಕೋದಲ್ಲಿ ರೇಡಿಯೇಷನ್ನೇ ಇಲ್ಲ. ಅಟ್ಯಾಕ್ ಆದ ಮೇಲೆ ಹೃದಯದ ಒಂದು ಭಾಗ ಅಲುಗಾಡದೆ ಕೂತಿರುತ್ತದೆ. ಅದು ಸತ್ತಿದೆಯೋ, ರಕ್ತ ಕಡಿಮೆಯಾಗಿ ಮಲಗಿದೆಯೋ ಅಂತ ನೋಡಬೇಕು. ಸ್ವಲ್ಪ ಡೊಬುಟಮಿನ್ ಹನಿಸಿದಾಗ ಆ ಭಾಗ ಅಲುಗಿದರೆ ಜೀವ ಇದೆ ಅಂತ. ಆಗ ರಕ್ತ ಮತ್ತೆ ಹರಿಸಿದರೆ ಎದ್ದು ಕೆಲಸ ಮಾಡಬಹುದು.

ದಾವಣಗೆರೆಯಲ್ಲೇ ಮಾಡಿಸಬಹುದಾ, ಬೆಂಗಳೂರಿಗೇ ಹೋಗಬೇಕಾ?

ಟಿಎಂಟಿ, ಎಕೋ, ಆಂಜಿಯೋಗ್ರಾಂಗೆ ಬೆಂಗಳೂರಿನವರೆಗೆ ಬರಬೇಕಿಲ್ಲ, ದಾವಣಗೆರೆಯಲ್ಲೇ ಆಗುತ್ತದೆ. ಚಿತ್ರದುರ್ಗದವರಿಗೂ ದಾವಣಗೆರೆ 60 ಕಿ.ಮೀ., ಬೆಂಗಳೂರು 200. ನ್ಯೂಕ್ಲಿಯರ್ ಸ್ಕ್ಯಾನಿಗೆ ಗಾಮಾ ಕ್ಯಾಮೆರಾ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ನಿಯಮಿತವಾಗಿ ಬರುವ ಟೆಕ್ನೀಷಿಯಂ ಜನರೇಟರ್ (ಟೆಕ್ನೀಷಿಯಂ ತೆಗೆದುಕೊಳ್ಳುವ ಡಬ್ಬಿ) ಎಲ್ಲವೂ ಬೇಕು. ಹಾಗಾಗಿ ಹೊರಡುವ ಮುನ್ನ ಫೋನ್ ಮಾಡಿ, ಯಾವ ದಿನ ಮಾಡುತ್ತಾರೆ, ಎಷ್ಟು ಖರ್ಚು ಅಂತ ಕೇಳಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಭೇಟಿ ಮಾಡಿ. ಟೆಸ್ಟ್ ಮುಗಿದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನ ಆಗುವುದಿಲ್ಲ.

ಮತ್ತೆ ಯಾವಾಗ ಮಾಡಿಸಬೇಕು?

ತೊಂದರೆ ಬದಲಾದಾಗ. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಮಾಡಿಸುವ ಟೆಸ್ಟ್ ಅಲ್ಲ. ಚಿಕ್ಕಪ್ಪ ಈಗ ಕುಂದವಾಡ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಾರೆ, ಮಾತ್ರೆ ಒಂದೂ ತಪ್ಪಿಸುವುದಿಲ್ಲ. ಸ್ಟೆಂಟ್ ಆಗಿ ನಾಲ್ಕು ವರ್ಷ ಆಯಿತು. ಅವರ ಡಾಕ್ಟರ್ ಇನ್ನೊಂದು ಸ್ಕ್ಯಾನ್ ಕೇಳಿಲ್ಲ, ನಾನೂ ಮಾಡಿಸಿಲ್ಲ.

ಹಳೇ ರಿಪೋರ್ಟ್ ಎಲ್ಲ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ. ಬರೀ ಬರವಣಿಗೆಯ ಹಾಳೆ ಅಲ್ಲ, ಚಿತ್ರದ ಸಿಡಿಯನ್ನೂ ಕೇಳಿ ತಗೊಳ್ಳಿ. ಐದು ವರ್ಷದ ಮೇಲೆ ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗ ಸಿಗುವ ಉತ್ತರ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಕವರಿನ ಮೇಲೆ ತಾರೀಖು ಬರೆಯಿರಿ. ಇಸಿಜಿ ಹಾಳೆಯನ್ನು ಮಾತ್ರ ಲ್ಯಾಮಿನೇಷನ್‌ಗೆ ಕೊಡಬೇಡಿ. ಅದು ಶಾಖಕ್ಕೆ ಅಚ್ಚಾಗುವ ಕಾಗದ, ಮೆಷಿನ್ನಿನ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಒಂದು ಜೆರಾಕ್ಸ್ ಮಾಡಿಸಿ ಜೊತೆಗಿಡಿ.